ಇವನು ಸುಳ್ಳು ಹೇಳ್ತಾನೆ!

ಇವತ್ತು ಅಪ್ಪನಿಗೆ ಜರ್ಮನಿಯ ಹ್ಯಾಂಬರ್ಗ್ ಬಂದರು ತೋರಿಸಿದೆ. ಪುಟ್ಟ ದೋಣಿ, ಒಂದು ಗಂಟೆ ಸುತ್ತು.

ಗೈಡ್ ಮೈಕಿನಲ್ಲಿ ಹೇಳಿದ್ದನ್ನೆಲ್ಲ ನಾನು ಅಪ್ಪನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದೆ. ಎದುರಿಗಿರೋ ಈ ಸರಕು ಹಡಗು 400 ಮೀಟರ್ ಉದ್ದ. ನಡೆಸೋಕೆ ಇಪ್ಪತ್ತು ಚಿಲ್ಲರೆ ಜನ ಸಾಕು. ಸಮುದ್ರ ಇಲ್ಲಿಂದ ಸುಮಾರು 100 ಕಿಲೋಮೀಟರ್, ಹಡಗು ಎಲ್ಬೆ ನದಿಯಲ್ಲೇ ಇಲ್ಲಿವರೆಗೂ ಬರುತ್ತೆ.

"ಸುಮ್ನೆ ಬುರುಡೆ ಬಿಡ್ತಾನೆ ಕಣೋ" ಅಂದರು ಅಪ್ಪ.

ತಮಾಷೆ ಏನು ಗೊತ್ತಾ? ಇಲ್ಲಿ ಬಂದರಿನ ಗೈಡ್‌ಗಳ ಅಡ್ಡಹೆಸರೇ 'ಹೀ ಲ್ಯುಖ್ಟ್'. ಊರಿನ ಹಳೇ ಆಡುಮಾತಿನಲ್ಲಿ 'ಇವನು ಸುಳ್ಳು ಹೇಳ್ತಾನೆ' ಅಂತ. ಹಿಂದೆ ಗೈಡ್ ಕಥೆ ಹೊಡೆಯುವಾಗ ಹಮಾಲರು ದಡದಿಂದ ಹೀಗೆ ಕೂಗುತ್ತಿದ್ದರಂತೆ.

ನಾನು ದಡ ನೋಡಿದೆ. ಕ್ರೇನು, ಕಂಟೇನರ್ ಡಬ್ಬ, ಮತ್ತೆ ಡಬ್ಬ. ಕೂಗೋಕೆ ಒಬ್ಬರೂ ಕಾಣಲಿಲ್ಲ. ಆಲ್ಟೆನ್‌ವೆರ್ಡರ್ ಅನ್ನೋ ಟರ್ಮಿನಲ್ಲಿನಲ್ಲಂತೂ 2002ರಿಂದಲೇ ಕಂಟೇನರ್ ಸಾಗಿಸೋ ಗಾಡಿಗಳಿಗೆ ಡ್ರೈವರೇ ಇಲ್ಲ. ಚೀಲ ಹೊತ್ತವರಿಗೆ ಒಳಗಿರೋದು ಕಾಫಿಯೋ ಮೆಣಸೋ ವಾಸನೆಯಲ್ಲೇ ಗೊತ್ತಾಗುತ್ತಿತ್ತು, ಅಲ್ವಾ? ಈಗ ಎಲ್ಲ ಮುಚ್ಚಿದ ಡಬ್ಬದೊಳಗೆ, ಗೈಡ್ ಹೇಳಿದ್ದೇ ನಿಜ.

ಇಳಿಯುವಾಗ ಅಪ್ಪ ಅವನ ಕೈಕುಲುಕಿ "ಹೀ ಲ್ಯುಖ್ಟ್" ಅಂದುಬಿಟ್ಟರು. ಆತ ಹೊಟ್ಟೆ ಕುಣಿಸಿ ನಕ್ಕ. ಆಮೇಲೆ ಟಿಪ್ಸ್ ಡಬ್ಬಿ ಮುಂದೆ ಹಿಡಿದ.