ಬಾವಿ ಕಡಲಿನಲ್ಲಿ, ವಸೂಲಿ ಪಂಪಿನಲ್ಲಿ

ಮುಂಬೈಯ ಚೆಂಬೂರಿನ ನಮ್ಮ ಮನೆಗೆ ಊರಿನಿಂದ ಯಾರೇ ಬರಲಿ, ಮಾಹುಲ್ ಕಡೆಯ ತೈಲ ಸಂಸ್ಕರಣಾಗಾರಗಳನ್ನು ಕಂಡ ಕೂಡಲೇ ಒಂದೇ ಪ್ರಶ್ನೆ: ಎಣ್ಣೆ ನಿಮ್ಮ ಮಗ್ಗುಲಲ್ಲೇ ಇರುವಾಗ ಪೆಟ್ರೋಲ್ ಇಷ್ಟು ತುಟ್ಟಿ ಏಕೆ?

ಕೇಳುವುದರಲ್ಲಿ ನ್ಯಾಯವಿದೆ. 1974ರಲ್ಲಿ ಪತ್ತೆಯಾದ ಮುಂಬೈ ಹೈ ತೈಲಕ್ಷೇತ್ರ ಇಲ್ಲಿಂದ ಸುಮಾರು 160 ಕಿ.ಮೀ. ದೂರದ ಕಡಲಿನಲ್ಲಿದೆ. ನಮ್ಮ ಕಟ್ಟಡದಲ್ಲಿರುವ ಹುಬ್ಬಳ್ಳಿಯ ಎಂಜಿನಿಯರೊಬ್ಬರು ಜುಹೂವಿನಲ್ಲಿ ಹೆಲಿಕಾಪ್ಟರ್ ಹತ್ತಿದರೆಂದರೆ ಹದಿನಾಲ್ಕು ದಿನ ಅಲ್ಲೇ. ಇಳಿದರೆ ಹದಿನಾಲ್ಕು ದಿನ ಮನೆಯಲ್ಲೇ. ಮಗಳ ಹುಟ್ಟುಹಬ್ಬವೂ ಪಾಳಿ ನೋಡಿಕೊಂಡೇ ನಡೆಯುತ್ತದೆ.

ನೆಂಟರಿಗೆ ಉತ್ತರ ಹೇಳುವ ಕೆಲಸ ಅವರದೇ. ನೆಲದಲ್ಲಿ ಎಣ್ಣೆ ಸಿಕ್ಕರೆ ರಾಜಧನ, ಅಂದರೆ ತೆಗೆದ ಎಣ್ಣೆಗೆ ಕಂಪನಿ ಕಟ್ಟುವ ಪಾಲು (ರಾಯಲ್ಟಿ), ಆಯಾ ರಾಜ್ಯಕ್ಕೆ. ಬಾಡಮೇರಿನ ಎಣ್ಣೆಯಿಂದ ರಾಜಸ್ಥಾನದ ಬೊಕ್ಕಸ ತುಂಬುವುದು ಹೀಗೆ. ಕಡಲಿನಲ್ಲಿ ಸಿಕ್ಕಿದ್ದು ಸಂವಿಧಾನದ 297ನೆಯ ವಿಧಿಯಂತೆ ಕೇಂದ್ರದ ಸ್ವತ್ತು. ಕೊಳವೆಯಲ್ಲಿ ಹರಿದು ಮುಂಬೈ ಬಳಿಯ ಉರಣದ ದಡ ಸೇರುವ ಎಣ್ಣೆಯ ರಾಜಧನ ಮಹಾರಾಷ್ಟ್ರಕ್ಕೆ ಸಿಗುವುದಿಲ್ಲ. ಪೆಟ್ರೋಲ್ ಜಿಎಸ್‌ಟಿಯ ಹೊರಗಿರುವುದರಿಂದ ರಾಜ್ಯ ತನ್ನ ಪಾಲನ್ನು ಪಂಪಿನಲ್ಲಿ ವ್ಯಾಟ್ ರೂಪದಲ್ಲಿ ಎತ್ತಿಕೊಳ್ಳುತ್ತದೆ. ಸಾಲದ್ದಕ್ಕೆ 2017ರವರೆಗೆ ಇಲ್ಲಿನ ಸಂಸ್ಕರಣಾಗಾರಗಳು ಕಚ್ಚಾ ತೈಲಕ್ಕೆ ಪಾಲಿಕೆಗೆ ಜಕಾತಿ ಬೇರೆ ಕಟ್ಟುತ್ತಿದ್ದವು.

ತೆರಿಗೆ ಕಂಡರೆ ಜನ ದಾರಿ ಬದಲಿಸುತ್ತಾರೆ. 2012ರಲ್ಲಿ ಮುಖ್ಯಮಂತ್ರಿ ಮನೋಹರ ಪರ್ರಿಕರ್ ಗೋವಾದಲ್ಲಿ ಪೆಟ್ರೋಲ್ ಮೇಲಿನ ವ್ಯಾಟನ್ನು ಶೇ 0.1ಕ್ಕೆ ಇಳಿಸಿದಾಗ, ಕಾರವಾರದ ನಮ್ಮ ಭಾವ ಗಡಿಯ ಮಾಜಾಳಿ ದಾಟಿ ಗೋವಾದ ಪೋಳೆಂನಲ್ಲಿ ಟ್ಯಾಂಕ್ ತುಂಬಿಸಿ ಬರುತ್ತಿದ್ದರು. ಎಣ್ಣೆ ತೆಗೆಯುವ ಕಂಪನಿಗಳ ಲೆಕ್ಕಾಚಾರವೂ ಇದೇ ಜಾತಿಯದು, ಮೊತ್ತ ಮಾತ್ರ ದೊಡ್ಡದು. ಅದಕ್ಕೇ ಕೇಂದ್ರದ 2016ರ ತೈಲ ಶೋಧ ನೀತಿಯಲ್ಲಿ ನೆಲದ ಎಣ್ಣೆಗೆ ರಾಜಧನ ಶೇ 12.5 ಇದ್ದರೆ, ಆಳವಿಲ್ಲದ ಕಡಲಿಗೆ ಶೇ 7.5. ಆಳದ ಕಡಲಿಗೆ ಮೊದಲ ಏಳು ವರ್ಷ ಏನೂ ಇಲ್ಲ, ಆಮೇಲೆ ಶೇ 5. ಕಷ್ಟದ ಜಾಗಕ್ಕೆ ಕರೆಯುವಾಗ ಬಾಡಿಗೆಯಲ್ಲಿ ರಿಯಾಯಿತಿ ಕೊಡಲೇಬೇಕಲ್ಲ!

ಆದರೆ ಎಂಜಿನಿಯರರ ತಕರಾರು ಬೇರೆ. ದರ ಕಡಿಮೆ ಮಾಡಿದರೆ ಸಾಲದು, ಕೊಟ್ಟ ಮಾತು ಉಳಿಯಬೇಕು ಎನ್ನುತ್ತಾರೆ. 2022ರ ಜುಲೈಯಲ್ಲಿ ಎಣ್ಣೆ ಬೆಲೆ ಏರಿದ್ದೇ ತಡ, ಕೇಂದ್ರ ದೇಶದಲ್ಲಿ ತೆಗೆದ ಕಚ್ಚಾ ತೈಲದ ಮೇಲೆ ಟನ್ನಿಗೆ 23,250 ರೂಪಾಯಿ ಆಕಸ್ಮಿಕ ಲಾಭದ ತೆರಿಗೆ ಹೇರಿತು. ತೆಗೆದುಹಾಕಿದ್ದು 2024ರ ಡಿಸೆಂಬರಿನಲ್ಲಿ. ಬಾಡಮೇರಿನ ಮಂಗಳಾ ಕ್ಷೇತ್ರ ಪತ್ತೆಯಾಗಿದ್ದು 2004ರಲ್ಲಿ, ಎಣ್ಣೆ ಹರಿದದ್ದು 2009ರಲ್ಲಿ. ಅಷ್ಟು ವರ್ಷ ಹಣ ಸುರಿದು ಕಾಯುವವನು ನಡುವೆ ಹೊಸ ತೆರಿಗೆ ಬರುವ ದೇಶಕ್ಕಿಂತ, ಹೆಚ್ಚು ತೆರಿಗೆಯಿದ್ದರೂ ಅದು ಅಲುಗಾಡದ ದೇಶವನ್ನೇ ಆರಿಸುತ್ತಾನೆ ಎಂಬುದು ಅವರ ವಾದ. ನನಗೂ ಹಾಗೆಯೇ ಅನ್ನಿಸುತ್ತದೆ. ಭಾವ ಮಾತ್ರ ಒಪ್ಪಿಲ್ಲ. ಗೋವಾ ಆಮೇಲೆ ವ್ಯಾಟ್ ಏರಿಸಿದ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ.