ಜೋನ್ ಆಡಿಸಿ ಮೇಡಂ, ಗೆಲ್ತೀರಿ ಅಂತಾರೆ

ಮೊನ್ನೆ ನಮ್ಮ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮ್ ಒಂದು ಫ್ರೆಂಡ್ಲಿ ಮ್ಯಾಚ್ ಸೋತಿತು. ಜೋನ್ ಆಡಿಸಿದ್ದರೆ ಗೆಲ್ಲುತ್ತಿದ್ದಿರಿ. ಈ ಮಾತನ್ನು ಈಚೆಗೆ ಎಷ್ಟು ಜನರ ಬಾಯಲ್ಲಿ ಕೇಳಿದೆನೋ ಲೆಕ್ಕವಿಲ್ಲ. ಪ್ರಿನ್ಸಿಪಾಲರು ಹೇಳಿದರು. ನಮ್ಮದೇ ಕಾಲೇಜಿನ ಹಳೇ ಆಟಗಾರ್ತಿ ಬೆಂಗಳೂರಿಂದ ಫೋನ್ ಮಾಡಿ ಹೇಳಿದಳು. ಕೊನೆಗೆ ಕ್ಯಾಂಟೀನಿನ ಅಣ್ಣನೂ ಕಾಫಿ ಲೋಟ ಮುಂದಿಡುತ್ತಾ, "ಅವರೆಲ್ಲ ರಿಂಗ್ ಕೆಳಗೇ ನಿಂತ್ಕೊಂಡಿದ್ರಲ್ಲ ಮೇಡಂ, ನಮ್ಮೋರೂ ಹಂಗೇ ನಿಂತಿದ್ರೆ ಆಗ್ತಿತ್ತು" ಎಂದ. ಅವನು ಬಾಸ್ಕೆಟ್‌ಬಾಲ್ ಮ್ಯಾಚ್ ಪೂರ್ತಿ ನೋಡಿದ್ದೇ ಅವತ್ತು ಮೊದಲ ಸಲ. ಆದರೂ ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಹಾಗೆ ನಿಂತಿದ್ದರೆ ಬಹುಶಃ ಗೆಲ್ಲುತ್ತಿದ್ದೆವು. ಆದರೂ ಆಡಿಸಲ್ಲ. ಯಾಕೆ ಅಂತ ಒಂದು ಸಲ ಬರೆದೇ ಬಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿದರಾಯಿತು.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ನಾನು ಚಿಕ್ಕಮಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಪಿ.ಡಿ. ಬೋರ್ಡಿನ ಮೇಲೆ ದೈಹಿಕ ಶಿಕ್ಷಣ ನಿರ್ದೇಶಕಿ ಅಂತಿದೆ, ಆದರೆ ಕೋಚ್, ಕೋರ್ಟ್ ಗುಡಿಸುವವಳು, ಟಿಎ ಡಿಎ ಲೆಕ್ಕ ಬರೆಯುವವಳು ಎಲ್ಲಾ ನಾನೇ. ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮ್ ನನ್ನದು. ಜೋನ್ ಅಂದರೆ ಆಟಗಾರ್ತಿಯನ್ನು ಬಿಟ್ಟು ಜಾಗವನ್ನು ಕಾಯುವುದು. ಮುಂದೆ ಇಬ್ಬರು, ಹಿಂದೆ ಮೂವರು, ರಿಂಗ್ ಸುತ್ತ ಬೇಲಿ ಹಾಕಿದ ಹಾಗೆ. ಮ್ಯಾನ್ ಟು ಮ್ಯಾನ್ ಅಂದರೆ ಒಬ್ಬಳಿಗೆ ಒಬ್ಬಳು. ಅವಳು ಎಲ್ಲಿಗೆ ಹೋದರೆ ನೀನೂ ಅಲ್ಲಿಗೆ. ನಾನು ಆಡಿಸೋದು ಇದನ್ನೇ.

ನಮ್ಮ ಲೆವೆಲ್‌ನಲ್ಲಿ ಜೋನ್ ಯಾಕೆ ಗೆಲ್ಲುತ್ತದೆ ಅನ್ನೋದು ದೊಡ್ಡ ರಹಸ್ಯವೇನಲ್ಲ. ದೂರದಿಂದ ಹಾಕಲು ಯಾರಿಗೂ ಬರುವುದಿಲ್ಲ. ಹುಡುಗಿಯರಿಗೆ ಬಾಲ್ ಆರನೇ ನಂಬರಿನದ್ದು, ಹುಡುಗರ ಏಳನೇ ನಂಬರಿಗಿಂತ ಸ್ವಲ್ಪ ಚಿಕ್ಕದು, ಸ್ವಲ್ಪ ಹಗುರ. ಆದರೆ ರಿಂಗ್ ಅದೇ 3.05 ಮೀಟರ್ ಎತ್ತರ, ತ್ರೀ ಪಾಯಿಂಟ್ ಗೆರೆ ಅದೇ 6.75 ಮೀಟರ್. ಪಿಯುಸಿ ಮುಗಿಸಿ ಬಂದು ಮೊದಲ ಸಲ ಬಾಲ್ ಮುಟ್ಟಿದ ಹುಡುಗಿ ಅಲ್ಲಿಂದ ಎಸೆದರೆ ಬೋರ್ಡಿಗೂ ತಾಗುವುದಿಲ್ಲ. ಹಾಗಾಗಿ ಎಲ್ಲರೂ ಒಳಗೆ ನುಗ್ಗಿ ಹಾಕಲು ನೋಡುತ್ತಾರೆ. ಒಳಗೆ ಐದು ಜನ ಕೈ ಎತ್ತಿ ನಿಂತುಬಿಟ್ಟರೆ ಆಟ ಮುಗಿಯಿತು. ಫೀಬಾ, ಅಂದರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ ನಿಯಮದಲ್ಲಿ ರಿಂಗ್ ಕೆಳಗಿನ ಜಾಗದಲ್ಲಿ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು ಅನ್ನೋದು ಬಾಲ್ ಇರುವ ಟೀಮಿಗೆ ಮಾತ್ರ. ಕಾಯುವವರು ಇಡೀ ದಿನ ಅಲ್ಲೇ ನಿಂತರೂ ರೆಫರಿ ಸೀಟಿ ಊದುವುದಿಲ್ಲ. ಅಮೆರಿಕದ ಎನ್‌ಬಿಎ ಲೀಗಿನಲ್ಲಿ 2001ರವರೆಗೆ ಜೋನ್ ಆಡುವ ಹಾಗೇ ಇರಲಿಲ್ಲ. ಬಿಟ್ಟ ಮೇಲೂ ಕಾಯುವವರಿಗೂ ಮೂರು ಸೆಕೆಂಡಿನ ನಿಯಮ ತಂದರು. ನಮಗೆ ಅದಿಲ್ಲ. ಆರಾಮ.

ಸರಿ, ಈಗ ನನ್ನ ಟೀಮ್ ಬಗ್ಗೆ. ನನ್ನ ಹಟ ಅರ್ಥ ಆಗಬೇಕಾದರೆ ಇವರು ಎಲ್ಲಿಂದ ಬಂದವರು ಅಂತ ಗೊತ್ತಿರಬೇಕು. ಶಾಲೆಯಿಂದಲೇ ಬಾಸ್ಕೆಟ್‌ಬಾಲ್ ಆಡಿಕೊಂಡು ಬಂದವರು ಇಬ್ಬರೇ. ಉಳಿದವರೆಲ್ಲ ಥ್ರೋಬಾಲ್, ಖೋ ಖೋ, ಕಬಡ್ಡಿ. ನಮ್ಮ ಜಿಲ್ಲೆಯ ಹೈಸ್ಕೂಲುಗಳಲ್ಲಿ ಹುಡುಗಿಯರಿಗೆ ಇರೋದೇ ಇವು. ಬಾಸ್ಕೆಟ್‌ಬಾಲ್ ಕಂಬ ಇದ್ದ ಕಡೆ ಅದಕ್ಕೆ ವಾಲಿಬಾಲ್ ನೆಟ್ ಕಟ್ಟಿರುತ್ತಾರೆ.

ಥ್ರೋಬಾಲ್ ಆಡಿದವರನ್ನು ಮೊದಲ ದಿನವೇ ಗುರುತಿಸಬಹುದು. ಎಂಥಾ ಬಾಲ್ ಬಂದರೂ ಎರಡೂ ಕೈಯಲ್ಲಿ ಹಿಡಿಯುತ್ತಾರೆ, ಕೈ ಜಾರುವ ಪ್ರಶ್ನೆಯೇ ಇಲ್ಲ. ಆದರೆ ಹಿಡಿದ ಕೂಡಲೇ ಗಕ್ಕನೆ ನಿಂತುಬಿಡುತ್ತಾರೆ, ಯಾಕಂದರೆ ಅವರ ಆಟದಲ್ಲಿ ಬಾಲ್ ಕೈಗೆ ಬಂದ ಮೇಲೆ ಹೆಜ್ಜೆ ಎತ್ತುವಂತಿಲ್ಲ, ಮೂರು ಸೆಕೆಂಡಿನೊಳಗೆ ಭುಜದ ಮೇಲಿಂದ ಒಂದೇ ಕೈಯಲ್ಲಿ ಎಸೆಯಬೇಕು. ಬಾಸ್ಕೆಟ್‌ಬಾಲಿನಲ್ಲಿ ಭುಜದ ಮೇಲಿಂದ ಪಾಸ್ ಕೊಡಲು ಹೋದರೆ ಅದು ಹೊರಡುವ ಮೊದಲೇ ಎದುರಾಳಿಗೆ ಗೊತ್ತಾಗುತ್ತದೆ. ಆಲ್ದೂರು ಕಡೆಯ ಒಬ್ಬಳಿದ್ದಾಳೆ, ಒಳ್ಳೇ ಎತ್ತರ, ಎರಡನೇ ವರ್ಷದ ಬಿ.ಕಾಂ. ಎದೆ ಮಟ್ಟದಿಂದ ಎರಡೂ ಕೈಯಲ್ಲಿ ತಳ್ಳು ಅಂತ ದಿನಾ ಹೇಳುತ್ತೇನೆ, ತಲೆ ಆಡಿಸುತ್ತಾಳೆ. ಮ್ಯಾಚ್ ಶುರುವಾದ ಕೂಡಲೇ ಕೈ ತಾನಾಗೇ ಭುಜಕ್ಕೆ ಹೋಗುತ್ತದೆ.

ಖೋ ಖೋ ಹುಡುಗಿಯರದ್ದು ಬೇರೆಯೇ ಕಥೆ. ಕಡೂರು ಕಡೆಯವಳು ಒಬ್ಬಳು, ಐದಡಿ ಇದ್ದರೆ ಹೆಚ್ಚು. ಡ್ರಿಬಲ್ ಮಾಡು ಅಂದರೆ ಬಾಲ್ ಒಂದು ಕಡೆ, ಇವಳು ಒಂದು ಕಡೆ. ಬಾಲ್ ಹಿಡಿದು ಓಡಿಬಿಡುತ್ತಾಳೆ, ರೆಫರಿ ಟ್ರಾವೆಲ್ ಅಂತ ಕೈ ತಿರುಗಿಸುತ್ತಿರುತ್ತಾನೆ. ಆದರೆ ಅವಳನ್ನು ಡಿಫೆನ್ಸಿಗೆ ಬಿಟ್ಟು ನೋಡಿ. ಖೋ ಖೋದಲ್ಲಿ ಓಡುವವಳು ಅಟ್ಟಿಸಿಕೊಂಡು ಬರುವವಳ ಭುಜವನ್ನೇ ನೋಡುತ್ತಿರುತ್ತಾಳೆ, ಯಾಕಂದರೆ ಅಟ್ಟುವವಳು ಒಮ್ಮೆ ಒಂದು ಕಡೆ ತಿರುಗಿದರೆ ಕಂಬ ಮುಟ್ಟುವವರೆಗೆ ವಾಪಸ್ ಬರುವಂತಿಲ್ಲ. ಭುಜ ತಿರುಗಿದ್ದು ಗೊತ್ತಾದರೆ ಪ್ರಾಣ ಉಳಿಯಿತು. ಹತ್ತು ವರ್ಷದವಳಿಂದ ಇದನ್ನೇ ಮಾಡಿಕೊಂಡು ಬಂದವಳಿಗೆ ಎದುರಿನ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ನಡೆಸುವವಳು, ಎಡಕ್ಕೆ ಹೋಗುತ್ತಾಳೋ ಬಲಕ್ಕೆ ಹೋಗುತ್ತಾಳೋ ಅಂತ ಓದುವುದು ಏನು ಕಷ್ಟ? ಬಾಲ್ ನೋಡಬೇಡ, ಸೊಂಟ ನೋಡು ಅಂತ ಬೇರೆಯವರಿಗೆ ತಿಂಗಳುಗಟ್ಟಲೆ ಹೇಳಬೇಕು. ಇವಳಿಗೆ ಹೇಳಲೇ ಇಲ್ಲ.

ಇನ್ನು ಕಬಡ್ಡಿ. ಮೂಡಿಗೆರೆ ಕಡೆಯವಳು, ಕಾರ್ನರ್ ಆಡುತ್ತಿದ್ದವಳು. ಮಂಡಿ ಬಗ್ಗಿಸಿ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾಳೆ. ಪಕ್ಕದವಳು ಸೋತರೆ ಅಲ್ಲಿಗೆ ಹೋಗಿ ಮುಚ್ಚಬೇಕು ಅನ್ನೋದು, ನಾವು ಹೆಲ್ಪ್ ಅನ್ನುತ್ತೇವಲ್ಲ, ಅದು ಅವಳಿಗೆ ಕಬಡ್ಡಿಯಲ್ಲಿ ಕೈ ಕೈ ಹಿಡಿದು ನಿಲ್ಲುವ ಚೈನ್‌ನಿಂದಲೇ ಬಂದಿದೆ. ತೊಂದರೆ ಒಂದೇ, ಹಿಡಿಯುತ್ತಾಳೆ. ಮೊನ್ನೆ ಶಿವಮೊಗ್ಗ ಕಡೆಯ ಟೀಮ್ ಜೊತೆ ನಮ್ಮ ಕೋರ್ಟಿನಲ್ಲೇ ಫ್ರೆಂಡ್ಲಿ ಮ್ಯಾಚ್ ಇತ್ತು, ಮೂರನೇ ಕ್ವಾರ್ಟರ್ ಮುಗಿಯುವ ಮೊದಲೇ ಐದು ಫೌಲ್ ಆಗಿ ಹೊರಗೆ ಬಂದಳು. ಬಂದವಳೇ ಟವೆಲ್ ತಲೆ ಮೇಲೆ ಹಾಕಿಕೊಂಡು, "ಮೇಡಂ, ಹಿಡಿದಿಲ್ಲ ಮೇಡಂ, ಮುಟ್ಟಿದ್ದು ಅಷ್ಟೇ" ಎಂದಳು. "ಅಲ್ಲಿ ಮುಟ್ಟಿದ್ರೆ ಪಾಯಿಂಟ್ ಕಣೇ, ಇಲ್ಲಿ ಮುಟ್ಟಿದ್ರೆ ಪಾಯಿಂಟ್ ಅವರಿಗೆ" ಎಂದೆ. ನಕ್ಕಳು. ನನಗೆ ನಗು ಬರಲಿಲ್ಲ. ಒಂದು ಕ್ವಾರ್ಟರಿನಲ್ಲಿ ಟೀಮ್ ಫೌಲ್ ನಾಲ್ಕು ದಾಟಿದರೆ ಮುಂದಿನ ಪ್ರತಿ ಫೌಲಿಗೂ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಹಾಗೆ ಗೆರೆಯಲ್ಲಿ ನಿಂತು ಹಾಕುವ, ಒಂದೊಂದು ಪಾಯಿಂಟಿನ ಎಸೆತ. ಅವತ್ತು ನಾವು ಪ್ರತಿ ಕ್ವಾರ್ಟರಿನ ಅರ್ಧಕ್ಕೇ ಅಲ್ಲಿಗೆ ತಲುಪುತ್ತಿದ್ದೆವು. ಸೋತಿದ್ದು ಅಲ್ಲೇ.

ಈಗ ಕ್ರಿಕೆಟ್ ಹುಡುಗರ ಹತ್ತಿರ ಹಳೇ ಟೆನಿಸ್ ಬಾಲ್ ಇಸಕೊಂಡು ಬಂದಿದ್ದೇನೆ. ಡಿಫೆನ್ಸ್ ಪ್ರಾಕ್ಟೀಸ್ ಮಾಡುವಾಗ ಎರಡೂ ಅಂಗೈಯಲ್ಲಿ ಒಂದೊಂದು. ಕೈಯಲ್ಲಿ ಅದಿದ್ದರೆ ಜೆರ್ಸಿ ಹಿಡಿಯಲು ಆಗುವುದಿಲ್ಲ, ಕಾಲಲ್ಲೇ ಕಾಯಬೇಕು. ಮೊದಲ ದಿನ ಟೆನಿಸ್ ಬಾಲ್ ಬಿಸಾಕಿ ಹಿಡಿದುಕೊಂಡಳು ಮಾರಾಯ್ತಿ. ಈಗ ಪರವಾಗಿಲ್ಲ.

ಇಂಥವರನ್ನು ಕರೆದುಕೊಂಡು ಹೋಗಿ ಜೋನ್‌ನಲ್ಲಿ ನಿಲ್ಲಿಸಿ ಕೈ ಎತ್ತಿಸಿದರೆ ಏನು ಬಂತು? ಖೋ ಖೋ ಹುಡುಗಿಯ ಕಾಲು ವೇಸ್ಟ್, ಕಬಡ್ಡಿ ಹುಡುಗಿಯ ತಾಳ್ಮೆ ವೇಸ್ಟ್. ಉದ್ದ ಇದ್ದವರು ಆಡುತ್ತಾರೆ, ಕುಳ್ಳಗಿದ್ದವರು ಬೆಂಚ್ ಕಾಯುತ್ತಾರೆ.

ಮಳೆಯದ್ದೂ ಒಂದು ಕಾರಣ ಇದೆ, ಇದನ್ನು ಬಯಲುಸೀಮೆ ಕೋಚ್‌ಗಳಿಗೆ ಹೇಳಿದರೆ ನಂಬುವುದಿಲ್ಲ. ನಮ್ಮದು ಸಿಮೆಂಟ್ ಕೋರ್ಟ್, ಮೇಲೆ ಸೂರಿಲ್ಲ. ಜೂನ್‌ನಿಂದ ಹಿಡಿದ ಮಳೆ ಸೀಸನ್ ಶುರುವಾಗುವ ಹೊತ್ತಿಗೂ ಬಿಟ್ಟಿರುವುದಿಲ್ಲ. ಫ್ರೀ ಥ್ರೋ ಗೆರೆಯ ಹತ್ತಿರ, ನೀರು ನಿಲ್ಲುವ ಕಡೆ, ಹಸಿರು ಪಾಚಿ ಕಟ್ಟುತ್ತದೆ. ಹಿಂದಿನ ಸಂಜೆ ಬ್ಲೀಚಿಂಗ್ ಪೌಡರ್ ಹಾಕಿ ಬಿಟ್ಟು, ಬೆಳಿಗ್ಗೆ ಕಡ್ಡಿ ಪೊರಕೆಯಲ್ಲಿ ಕೆರೆದು, ಬಕೆಟ್‌ಗಟ್ಟಲೆ ನೀರು ಹಾಕಿ ತೊಳೆದರೆ ಒಂದು ವಾರ ಬರುತ್ತದೆ. ಅಷ್ಟರಲ್ಲಿ ಮತ್ತೆ ಮಳೆ. ಜೋರಾದರೆ ಡಿಸಿ ರಜೆ ಕೊಡುತ್ತಾರೆ, ಹಳ್ಳಿಯಿಂದ ಬರುವವರು ಬರುವುದೇ ಇಲ್ಲ. ರಜೆ ಇಲ್ಲದ ಮಳೆ ದಿನಗಳಲ್ಲಿ ಕಾಮರ್ಸ್ ಬ್ಲಾಕಿನ ಕಾರಿಡಾರೇ ನಮ್ಮ ಕೋರ್ಟ್. ಅಲ್ಲಿ ಶೂಟ್ ಮಾಡಲು ರಿಂಗ್ ಇಲ್ಲ, ಡ್ರಿಬಲ್ ಮಾಡಿದರೆ ಪಾಠ ಮಾಡುವವರು ಬಾಗಿಲು ತೆಗೆದು ನೋಡುತ್ತಾರೆ. ಸದ್ದಿಲ್ಲದೆ, ಬಾಲ್ ಇಲ್ಲದೆ ಕಲಿಸಬಹುದಾದದ್ದು ಕಾಲು ಸರಿಸುವುದೊಂದೇ. ಒಬ್ಬಳ ಎದುರು ಒಬ್ಬಳು, ಕಾರಿಡಾರಿನ ಈ ತುದಿಯಿಂದ ಆ ತುದಿಗೆ, ಮಂಡಿ ಬಗ್ಗಿಸಿ, ಕಾಲಿಗೆ ಕಾಲು ಅಡ್ಡ ಬರದ ಹಾಗೆ. ನೋಡಿದವರು ಏನೋ ಡ್ಯಾನ್ಸ್ ಪ್ರಾಕ್ಟೀಸ್ ಅಂದುಕೊಂಡಿದ್ದರು. ದೇವರು ಕೊಟ್ಟ ಮಳೆಯಲ್ಲಿ ಕಲಿಯಬಹುದಾದದ್ದನ್ನು ಕಲಿತಿದ್ದೇವೆ, ಅದನ್ನು ಬಿಟ್ಟು ಬೇರೆ ಆಡಿ ಅಂದರೆ ಹೇಗೆ?

ಹುಡುಗಿಯರ ಬಾಸ್ಕೆಟ್‌ಬಾಲಿನ ಹಳೇ ಕಥೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಜೇಮ್ಸ್ ನೈಸ್ಮಿತ್ 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಆಟ ಶುರು ಮಾಡಿದ. ಮರುವರ್ಷವೇ ಹತ್ತಿರದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಅನ್ನೋ ಟೀಚರ್ ಹುಡುಗಿಯರಿಗೆ ಕಲಿಸಿದರು. ಹೆಣ್ಣುಮಕ್ಕಳಿಗೆ ದಣಿವಾಗುತ್ತದೆ ಅಂತ ಕೋರ್ಟನ್ನು ಮೂರು ಭಾಗ ಮಾಡಿ, ಯಾರೂ ತಮ್ಮ ಭಾಗ ಬಿಟ್ಟು ಹೋಗಬಾರದು ಅಂತ ನಿಯಮ ಇಟ್ಟರು. ಆ ಕಾಲದಲ್ಲಿ ಆಡಲು ಬಿಟ್ಟಿದ್ದೇ ದೊಡ್ಡದು, ಅವರನ್ನು ಬೈಯುವುದಿಲ್ಲ. ಆದರೆ ಅಯೋವಾ ರಾಜ್ಯದ ಹೈಸ್ಕೂಲುಗಳಲ್ಲಿ 1993ರವರೆಗೂ ಹುಡುಗಿಯರು ಅರ್ಧ ಕೋರ್ಟ್ ದಾಟದೆ ಆಡುವ ಪದ್ಧತಿ ಉಳಿದಿತ್ತು! ನಮ್ಮ ಹುಡುಗಿಯರಿಗೆ ಮನೆಯಲ್ಲಿ, ಬಸ್ಸಲ್ಲಿ, ಹಾಸ್ಟೆಲಲ್ಲಿ ಇಲ್ಲೇ ನಿಲ್ಲು, ಅಲ್ಲಿಗೆ ಹೋಗಬೇಡ ಅಂತ ಹೇಳುವವರು ಬೇಕಾದಷ್ಟಿದ್ದಾರೆ. ಕೋರ್ಟಿನಲ್ಲೂ ನಾನು ಅದನ್ನೇ ಹೇಳಲಾ?

ಬಸ್ ಅಂದಾಗ ನೆನಪಾಯಿತು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಟೀಮ್ ಕರೆದುಕೊಂಡು ಹೋಗೋದು ಎಷ್ಟು ಹಗುರ ಆಗಿದೆ ಅಂತ ಹುಡುಗರ ಟೀಮ್ ಕೋಚ್‌ಗಳಿಗೆ ಹೊಟ್ಟೆಕಿಚ್ಚು. ಆಧಾರ್ ಕಾರ್ಡ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಜೀರೋ ಟಿಕೆಟ್. ಮೊದಲು ಪ್ರಾಕ್ಟೀಸ್ ಮುಗಿಸಿ ದಿನಾ ಊರಿಗೆ ಹೋಗಿಬರುವ ಖರ್ಚಿಗೇ ಹೆದರಿ ಎಷ್ಟೋ ಜನ ಟೀಮ್ ಬಿಡುತ್ತಿದ್ದರು. ಈಗ ಹೆದರಿಕೆ ಕೊನೇ ಬಸ್ಸಿನದ್ದು ಮಾತ್ರ. ಅದು ತಪ್ಪಿದರೆ ಅಪ್ಪಂದಿರ ಫೋನ್ ನನಗೇ ಬರುತ್ತದೆ.

ಸರಿ, ಮ್ಯಾಚಿಗೆ ಬರೋಣ. ಫ್ರೆಂಡ್ಲಿ ಸೋತ ಮೇಲೆ ತರೀಕೆರೆಯಲ್ಲಿ ಇನ್ನೊಂದು ಆಡಿದೆವು. ಅದನ್ನೂ ಸೋತೆವು. ಆದರೆ ಆ ಮ್ಯಾಚಿನ ನಾಲ್ಕನೇ ಕ್ವಾರ್ಟರಿನಲ್ಲಿ ನಡೆದದ್ದನ್ನು ಪ್ರಿನ್ಸಿಪಾಲರಿಗೆ ವಿವರಿಸಿ ಸುಸ್ತಾದೆ, ಇಲ್ಲಿಯಾದರೂ ಬರೆಯುತ್ತೇನೆ. ಬಾಸ್ಕೆಟ್ ಬಿದ್ದ ಮೇಲೆ ಅವರು ಬಾಲ್ ತಂದು ಎಂಟು ಸೆಕೆಂಡಿನೊಳಗೆ ಅರ್ಧ ಕೋರ್ಟ್ ದಾಟಬೇಕಲ್ಲ, ಅವರ ಪಾಯಿಂಟ್ ಗಾರ್ಡ್ ಯೂನಿವರ್ಸಿಟಿ ಟೀಮಿಗೆ ಆಡಿದವಳು, ಒಳ್ಳೇ ಕೈ. ಅವಳ ಎದುರಿಗೆ ನಮ್ಮ ಕಡೂರು ಹುಡುಗಿ. ಅವಳು ಬಲಕ್ಕೆ ಬಂದರೆ ಇವಳು ಮೊದಲೇ ಅಲ್ಲಿದ್ದಾಳೆ. ಎಡಕ್ಕೆ ತಿರುಗಿದರೆ ಅಲ್ಲೂ ಇದ್ದಾಳೆ. ಬೆನ್ನು ಕೊಟ್ಟು ತಳ್ಳಿಕೊಂಡು ಬರಲು ನೋಡಿದಳು, ಇವಳು ಕೈ ಹಾಕಲೇ ಇಲ್ಲ, ಬರೀ ಎದೆ ಕೊಟ್ಟು ನಿಂತಳು. ಪಾಸ್ ಕೊಡೋಣ ಅಂದರೆ ಮಿಕ್ಕ ನಾಲ್ವರಿಗೂ ನಮ್ಮ ನಾಲ್ವರು ಅಂಟಿಕೊಂಡಿದ್ದಾರೆ. ರೆಫರಿ ಸೀಟಿ ಊದಿ ಎಂಟು ಬೆರಳು ತೋರಿಸಿದರು. ನಮ್ಮ ಬೆಂಚಿನಲ್ಲಿದ್ದವರಿಗೆ ಅದು ಯಾವ ನಿಯಮ ಅಂತಲೇ ಗೊತ್ತಿರಲಿಲ್ಲ, ಸುಮ್ನೆ ಕಿರುಚಿದರು. ಬಾಲ್ ನಮಗೆ ಸಿಕ್ಕಿತು. ಸಿಕ್ಕಿದ ಬಾಲನ್ನು ಆಲ್ದೂರಿನವಳು ಭುಜದ ಮೇಲಿಂದ ಎಸೆದು ಹೊರಗೆ ಕಳಿಸಿದಳು ಅನ್ನೋದು ಬೇರೆ ಮಾತು.

ಇದು ಜೋನ್‌ನಲ್ಲಿ ಬರುವುದಿಲ್ಲ. ಇನ್ನೊಂದು ವಿಷಯ. ನಮ್ಮ ಕಡೆ ಮ್ಯಾಚುಗಳಲ್ಲಿ 24 ಸೆಕೆಂಡಿನೊಳಗೆ ರಿಂಗಿಗೆ ಎಸೆಯಲೇಬೇಕು ಅಂತ ಲೆಕ್ಕ ಇಡುವ ಶಾಟ್ ಕ್ಲಾಕ್ ಇರುವುದು ಅಪರೂಪ. ನೀವು ಜೋನ್ ಆಡುತ್ತಾ ನಾಲ್ಕು ಪಾಯಿಂಟ್ ಹಿಂದೆ ಬಿದ್ದಿರಿ ಅಂದುಕೊಳ್ಳಿ, ಎದುರಿನವರು ಬಾಲ್ ಹಿಡಿದು ಆಚೆ ಈಚೆ ಪಾಸ್ ಮಾಡುತ್ತಾ ಸಮಯ ಕಳೆದರೆ ಏನು ಮಾಡುತ್ತೀರಿ? ಬೇಲಿ ಬಿಟ್ಟು ಹೊರಗೆ ಬಂದು ಒಬ್ಬೊಬ್ಬರನ್ನೇ ಹಿಡಿಯಲೇಬೇಕು. ಅವತ್ತು ಅದು ಬರದೇ ಹೋದರೆ ಕಥೆ ಮುಗಿಯಿತು. ಆಸ್ಟ್ರೇಲಿಯಾ, ಜರ್ಮನಿಯಲ್ಲಿ ಚಿಕ್ಕ ಮಕ್ಕಳ ಪಂದ್ಯಗಳಲ್ಲಿ ಜೋನ್ ಆಡಿಸುವಂತೆಯೇ ಇಲ್ಲ, ಮೊದಲು ಒಬ್ಬರನ್ನು ಕಾಯಲು ಕಲಿಯಲಿ ಅಂತ. ನನ್ನವರಿಗೆ ವಯಸ್ಸು ಹತ್ತೊಂಬತ್ತು ಇಪ್ಪತ್ತು, ಆದರೆ ಈ ಆಟದಲ್ಲಿ ಚಿಕ್ಕ ಮಕ್ಕಳೇ.

ಪ್ರಿನ್ಸಿಪಾಲರಿಗೆ ಬೇಕಾದದ್ದು ನೋಟಿಸ್ ಬೋರ್ಡಿಗೆ ಒಂದು ಕಪ್ ಫೋಟೋ, ಅವರ ಕಷ್ಟ ಅವರಿಗೆ. ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿ ಇನ್ನೂ ಮುಂದಿದೆ. ಅಲ್ಲಿ ಚೆನ್ನಾಗಿ ಆಡಿದವರು ಯೂನಿವರ್ಸಿಟಿ ಟೀಮಿಗೆ, ಅಲ್ಲಿಂದ ಯೂನಿವರ್ಸಿಟಿಗಳ ದಕ್ಷಿಣ ವಲಯದ ಪಂದ್ಯಾವಳಿಗೆ. ಅಲ್ಲಿ ಎದುರಿಗೆ ಬರುವ ಕೇರಳ, ತಮಿಳುನಾಡಿನ ಹುಡುಗಿಯರು ದೂರದಿಂದ ಆರಾಮವಾಗಿ ಹಾಕುತ್ತಾರೆ, ಅವರ ಮುಂದೆ ರಿಂಗ್ ಕೆಳಗೆ ಕೈ ಎತ್ತಿ ನಿಂತರೆ ಸುಮ್ನೆ ನೋಡುತ್ತಾ ನಿಲ್ಲಬೇಕಷ್ಟೇ. ಕಡೂರಿನವಳು ಆ ಟೀಮಿಗೆ ಹೋಗಬೇಕು ಅನ್ನೋದು ನನ್ನ ಆಸೆ. ಅವಳಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅವಳ ಲೇ-ಅಪ್, ಅಂದರೆ ಓಡಿ ಬಂದು ರಿಂಗ್ ಹತ್ತಿರದಿಂದ ಹಾಕುವುದು, ಇನ್ನೂ ಕೆಡುತ್ತದೆ.

ಫ್ರೀ ಥ್ರೋ ಬಗ್ಗೆ ಬರೆಯಲು ಹೋದರೆ ಇನ್ನೊಂದು ಪೋಸ್ಟ್ ಆಗುತ್ತದೆ. 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75-73ರಲ್ಲಿ ಸೋಲಿಸಿತು. ಅದನ್ನು ಬೋರ್ಡ್ ಮೇಲೆ ಬರೆದು, ಎರಡೇ ಪಾಯಿಂಟ್, ಅಂದರೆ ಎರಡು ಫ್ರೀ ಥ್ರೋ ನೋಡಿ ಅಂತ ಹೇಳಿದ್ದೇನೆ. ಆಮೇಲೆ ಸ್ವಲ್ಪ ಸೀರಿಯಸ್ ಆಗಿ ಹಾಕುತ್ತಿದ್ದಾರೆ.

ಮುಂದಿನ ವಾರ ಭದ್ರಾವತಿಗೆ ಹೋಗುತ್ತಿದ್ದೇವೆ. ಅವರು ಜೋನ್ ಆಡುತ್ತಾರೆ, ಗೊತ್ತಿದೆ. ಅದನ್ನು ಒಡೆಯಲು ಬೇಗ ಬೇಗ ಪಾಸ್ ಮಾಡಬೇಕು, ಅದಕ್ಕೆ ಥ್ರೋಬಾಲ್ ಹುಡುಗಿಯರ ಭುಜ ಕೆಳಗಿಳಿಯಬೇಕು. ಈ ವಾರವಿಡೀ ಅದೇ ಕೆಲಸ. ಇರುವ ಬಾಲ್‌ಗಳಲ್ಲಿ ಎರಡು ಮಳೆಗೆ ಉಬ್ಬಿ ಮೊಟ್ಟೆ ಆಕಾರಕ್ಕೆ ಬಂದಿವೆ. ಚಿಕ್ಕಮಗಳೂರಿನಲ್ಲಿ ಯಾರ ಮನೆಯಲ್ಲಾದರೂ ಆರನೇ ನಂಬರಿನ ಬಾಸ್ಕೆಟ್‌ಬಾಲ್ ಸುಮ್ನೆ ಬಿದ್ದಿದ್ದರೆ ದಯವಿಟ್ಟು ಹೇಳಿ, ಹುಡುಗಿಯರನ್ನೇ ಕಳಿಸಿ ತರಿಸಿಕೊಳ್ಳುತ್ತೇನೆ. ಏಳನೇ ನಂಬರ್ ಬೇಡ, ಅದು ಹುಡುಗರ ಟೀಮ್ ರೂಮಿನಲ್ಲಿ ಬೇಕಾದಷ್ಟಿದೆ.