ಕೌಲ್ ಬಜಾರಿನಿಂದ ಎಡಿನ್‌ಬರೊಗೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬೆಳೆದ ನಾನು ಇಂಗ್ಲಿಷ್ ಸಾಹಿತ್ಯದ ಪದವಿಯ ಒಂದು ವರ್ಷವನ್ನು ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಕಳೆದೆ. ಹ್ಯೂ ಬ್ಲೇರ್ ಅವರಿಗಾಗಿ 1762ರಲ್ಲಿಯೇ ಅಲ್ಲಿ ಅಲಂಕಾರಶಾಸ್ತ್ರ ಹಾಗೂ ಸಾಹಿತ್ಯದ ಪೀಠ ಸ್ಥಾಪನೆಯಾಗಿತ್ತೆಂಬುದೂ, ಈ ವಿಷಯದ ಬೋಧನೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಿಗಿಂತ ಮೊದಲೇ ಸ್ಕಾಟ್ಲೆಂಡಿನಲ್ಲಿ ಬೇರೂರಿತ್ತೆಂಬುದೂ ನನಗೆ ಅಲ್ಲಿಗೆ ಹೋದ ಮೇಲೆಯೇ ತಿಳಿಯಿತು.

ನಮ್ಮ ಕಾಲೇಜಿನಲ್ಲಿ ಟಿಪ್ಪಣಿ ಬರೆದುಕೊಳ್ಳುವುದೇ ಓದಾಗಿತ್ತು. ಎಡಿನ್‌ಬರೊದಲ್ಲಿ ಹತ್ತು ಮಂದಿ ಒಂದು ಮೇಜಿನ ಸುತ್ತ ಕುಳಿತು, ಒಂದೇ ಕವಿತೆಯನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದಿ, ಪ್ರತಿಯೊಬ್ಬರೂ ತಮಗೆ ಹೊಳೆದ ಅರ್ಥವನ್ನು ಸಮರ್ಥಿಸಿಕೊಳ್ಳಬೇಕಿತ್ತು. ಮೊದಲ ತಿಂಗಳು ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ನನ್ನ ಮೌನವನ್ನು ಮುರಿದರು. 1786ರಲ್ಲಿ ಕಿಲ್‌ಮಾರ್ನಾಕ್‌ನಲ್ಲಿ ಅಚ್ಚಾದ ಅವರ ಮೊದಲ ಸಂಕಲನದ ಬಹುಪಾಲು ಕವಿತೆಗಳು ಸ್ಕಾಟ್ಸ್ ನುಡಿಯಲ್ಲಿವೆ. ದುಡಿದು ದಣಿದ ತಂದೆ ಶನಿವಾರ ಸಂಜೆ ಮನೆ ಸೇರುವ ಕವಿತೆಯೊಂದರಲ್ಲಿ ‘ಬೇರ್ನ್’ ಎಂಬ ಪದ ಬಂದಾಗ ನಾನು ಪುಟದ ಅಂಚಿನಲ್ಲಿ, ನಿಘಂಟಿನ ‘ಮಗು’ವನ್ನು ಬಿಟ್ಟು, ನಮ್ಮವ್ವ ಆಡುವ ‘ಕೂಸು’ ಎಂದು ಬರೆದುಕೊಂಡೆ. ಪಕ್ಕದಲ್ಲಿದ್ದ ಸ್ಕಾಟಿಷ್ ಗೆಳತಿ ಆ ಎರಡು ಅಕ್ಷರಗಳನ್ನು ಬೆರಳಿನಿಂದ ತೋರಿಸಿ ಓದಲು ಹೇಳಿದಳು. ಆಡುನುಡಿಯ ಪದವೊಂದು ಶಿಷ್ಟ ಪದಕ್ಕಿಂತ ಹೇಗೆ ಭಿನ್ನವೆಂದು ಅಂದು ಅರ್ಧ ಗಂಟೆ ವಿವರಿಸಿದೆ.

ಊರಿಗೆ ಮರಳಿದ ಮೇಲೆ ಆ ಕವಿತೆಯನ್ನು ನಮ್ಮ ಬಳ್ಳಾರಿ ಕನ್ನಡಕ್ಕೆ ತಂದು ಅವ್ವನ ಮುಂದೆ ಓದಿದಾಗ, ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ, “ಇನ್ನೊಮ್ಮೆ ಓದವ್ವಾ” ಎಂದಳು.